5 ವ್ಯಾಟ್‌ನ ದನಿ

ಎಪಿಫೋನ್ ವಾಲ್ವ್ ಜೂನಿಯರ್ ಕಡಿಮೆ ಬೆಲೆಗೆ ಸಿಗುತ್ತಿದ್ದ, 5 ವ್ಯಾಟ್‌ನ ಪುಟ್ಟ ಗಿಟಾರ್ ಆಂಪ್ಲಿಫೈಯರ್. ಒಳಗೆ ಎರಡೇ ವಾಲ್ವ್ (ನಿರ್ವಾತ ನಳಿಕೆ): ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ 12ಎಎಕ್ಸ್7, ಸ್ಪೀಕರಿಗೆ ಶಕ್ತಿ ತುಂಬುವ ಇಎಲ್84. ಮುಂಭಾಗದಲ್ಲಿ ವಾಲ್ಯೂಮ್ ನಾಬ್ ಒಂದೇ.

ಸ್ವಿಚ್ ಹಾಕಿದೊಡನೆ ಸದ್ದು ಬಾರದು, ವಾಲ್ವ್ ಕಾಯಬೇಕು. ಹಳೆಯ ರೇಡಿಯೋ ಕೇಳಿದವರಿಗೆ ಇದು ಗೊತ್ತು. ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ತಿಳಿ. ವಾಲ್ಯೂಮ್ ಏರಿಸಿ ಬಲವಾಗಿ ಮೀಟಿದರೆ ವಾಲ್ವ್ ತನ್ನ ಮಿತಿ ಮುಟ್ಟಿ, ಸಂಕೇತದ ಅಲೆಯ ತುದಿಗಳನ್ನು ಮೊಟಕುಗೊಳಿಸುತ್ತದೆ. ದನಿ ಒರಟಾಗಿ, ತುಂಬಿಕೊಂಡು ಮೊಳಗುತ್ತದೆ. ಬೆರಳಿನ ಬಿರುಸಿಗೇ ಸ್ವರದ ಬಣ್ಣ ಬದಲಾಗುವ ಈ ಗುಣಕ್ಕಾಗಿಯೇ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ವಾಲ್ವ್ ಇಂದಿಗೂ ಉಳಿದಿದೆ. 50 ವ್ಯಾಟ್‌ನ ಆಂಪ್ಲಿಫೈಯರ್ ಹೀಗೆ ಮಿತಿ ಮುಟ್ಟುವಷ್ಟರಲ್ಲಿ ಮನೆಯೇ ನಡುಗೀತು.

5 ವ್ಯಾಟ್ ಕೂಡ ಸಣ್ಣ ಸದ್ದಲ್ಲ. ನೆರೆಯವರ ನಿದ್ದೆ ನೆನಪಿರಲಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು, ಹಿಂಬದಿ ಬಿಚ್ಚಬೇಡಿ.