ದಾನ ಊರಿನದು, ಅರ್ಜಿ ಮಾತ್ರ ಇಂಗ್ಲಿಷಿನದೇ?

(ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಕನ್ನಡ ಕಾರ್ಯಕರ್ತರನ್ನು ಉದ್ದೇಶಿಸಿ ಆಡಿದ ಮಾತುಗಳ ಬರಹರೂಪ)



ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಸೇವಾ ಕ್ಲಬ್ಬುಗಳ ವಿರೋಧಿಯಲ್ಲ. ರೋಟರಿ ಹುಟ್ಟಿದ್ದು 1905ರಲ್ಲಿ, ಲಯನ್ಸ್ ಹುಟ್ಟಿದ್ದು 1917ರಲ್ಲಿ, ಎರಡೂ ಅಮೆರಿಕದ ಶಿಕಾಗೋ ನಗರದಲ್ಲಿ. ಅಲ್ಲಿಂದ ನಮ್ಮ ಸಣ್ಣ ಊರುಗಳವರೆಗೂ ಬಂದಿವೆ. ಬಂದು ಸುಮ್ಮನೆ ಕೂತಿಲ್ಲ. ಕಣ್ಣಿನ ತಪಾಸಣೆ ಮಾಡಿಸಿವೆ, ರಕ್ತದಾನ ಮಾಡಿಸಿವೆ, ಶಾಲೆಗೆ ಬೆಂಚು ಕೊಟ್ಟಿವೆ, ಮಕ್ಕಳಿಗೆ ನೋಟ್‌ಬುಕ್ ಹಂಚಿವೆ. ಪೋಲಿಯೋ ವಿರುದ್ಧ ರೋಟರಿ 1985ರಲ್ಲೇ ಜಗತ್ತಿನಾದ್ಯಂತ ಪಣ ತೊಟ್ಟಿತು. ಭಾರತದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಸರ್ಕಾರದ ಜೊತೆ ಹೆಗಲು ಕೊಟ್ಟವರಲ್ಲಿ ಈ ಕ್ಲಬ್ಬಿನವರೂ ಇದ್ದರು. ಒಳ್ಳೆಯದನ್ನು ಒಳ್ಳೆಯದೆನ್ನದವನು ಕನ್ನಡಿಗನೇ ಅಲ್ಲ.

ಆದರೆ ಈಗ ನನ್ನದೊಂದು ಪ್ರಶ್ನೆ. ಪೋಲಿಯೋ ಹನಿ ಹಾಕಿಸಿ ಎಂದು ಹಳ್ಳಿಗೆ ಸಾರಿದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ. ಕಣ್ಣಿನ ಶಿಬಿರದ ಕರಪತ್ರ ಯಾವ ಭಾಷೆಯಲ್ಲಿ? ಕನ್ನಡದಲ್ಲಿ. ಯಾಕೆ? ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರೆ ಗಂಡಸಿಯ ಅಜ್ಜಿ ಶಿಬಿರಕ್ಕೆ ಬರುವುದಿಲ್ಲ, ಬಾಣಾವರದ ಅಜ್ಜ ಬರುವುದಿಲ್ಲ. ಇದು ಕ್ಲಬ್ಬಿನವರಿಗೆ ಚೆನ್ನಾಗಿ ಗೊತ್ತು. ಹಾಗಾದರೆ ವಿದ್ಯಾರ್ಥಿವೇತನದ ಅರ್ಜಿ ಮಾತ್ರ ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಏಕೆ? ಸಂದರ್ಶನ ಇಂಗ್ಲಿಷಿನಲ್ಲಿ ಏಕೆ? ಅಜ್ಜಿಯ ಕಣ್ಣಿಗೆ ಕನ್ನಡ, ಮೊಮ್ಮಗಳ ಓದಿಗೆ ಇಂಗ್ಲಿಷ್! ಇದು ಯಾವ ನ್ಯಾಯ?

ಜಾವಗಲ್ ಹೋಬಳಿಯ ಒಬ್ಬ ಹುಡುಗಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು. ಅಪ್ಪನಿಗೆ ಮಳೆ ನಂಬಿದ ಎರಡು ಎಕರೆ, ನಾಲ್ಕಾರು ತೆಂಗಿನ ಮರ. ಅವಳ ಕೈಗೆ ನಾಲ್ಕು ಪುಟದ ಇಂಗ್ಲಿಷ್ ಅರ್ಜಿ ಬರುತ್ತದೆ. ಕೊನೆಯ ಪುಟದಲ್ಲಿ ನಿನ್ನ ಜೀವನದ ಗುರಿಯ ಬಗ್ಗೆ ಇನ್ನೂರು ಪದ ಬರೆ ಎಂದಿದೆ. ಕನ್ನಡದಲ್ಲಾದರೆ ನಾಲ್ಕುನೂರು ಪದ ಬರೆದಾಳು, ಓದಿದವರ ಕಣ್ಣು ಒದ್ದೆಯಾದೀತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ನಿಲ್ಲಿಸುತ್ತಾಳೆ. ಪಟ್ಟಣದ ಕಾನ್ವೆಂಟಿನ ಹುಡುಗ ಇನ್ನೂರು ಪದ ತುಂಬಿಸಿ ಕೊಡುತ್ತಾನೆ. ಅವನ ತಂದೆಗೆ ಆ ಹಣ ಒಂದು ತಿಂಗಳ ಪೆಟ್ರೋಲ್ ಖರ್ಚು. ಇವಳಿಗೆ ಅದು ಪಿಯುಸಿಗೆ ಹೋಗುವುದೋ ಮನೆಯಲ್ಲಿ ಉಳಿಯುವುದೋ ಎಂಬ ತೀರ್ಮಾನ. ಯಾರೂ ಬೇಕೆಂದು ಅನ್ಯಾಯ ಮಾಡಲಿಲ್ಲ. ಅರ್ಜಿಯೇ ಅನ್ಯಾಯ ಮಾಡಿತು.

ಆ ಹಣ ಬಂದದ್ದಾದರೂ ಎಲ್ಲಿಂದ? ಶಿಕಾಗೋದಿಂದಲೇ? ಊರಿನ ಲಕ್ಕಿ ಡಿಪ್ ಚೀಟಿ ಕೊಂಡವರು ಯಾರು? ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ಮೂಟೆ ಹೊರುವ ಹಮಾಲಿ, ರೈಲ್ವೆ ನಿಲ್ದಾಣದ ಎದುರಿನ ಹೋಟೆಲಿನವರು. ಸಹಾಯಾರ್ಥ ನಾಟಕಕ್ಕೆ, ರಸಸಂಜೆಗೆ ಟಿಕೆಟ್ ಕೊಂಡವರು ಯಾರು? ಬೇಲೂರಿನ ಕಾಫಿ ಬೆಳೆಗಾರ, ಹಳೇಬೀಡಿನ ಆಲೂಗಡ್ಡೆ ರೈತ, ಗುಡಿಯ ಮುಂದೆ ಎಳನೀರು ಮಾರುವವರು. ರಸೀದಿ ಪುಸ್ತಕ ಹಿಡಿದು ಬಂದಾಗ ಅವರನ್ನು ಮಾತಾಡಿಸಿದ್ದು ಕನ್ನಡದಲ್ಲಿ. ಕೇಳುವಾಗ ಕನ್ನಡ, ಕೊಡುವಾಗ ಇಂಗ್ಲಿಷ್ ಎಂದರೆ ಒಪ್ಪುವುದು ಹೇಗೆ?

ಕೊಡುವುದನ್ನು ಈ ನೆಲಕ್ಕೆ ಹೊರಗಿನವರು ಬಂದು ಕಲಿಸಬೇಕಿರಲಿಲ್ಲ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಊರಿನ ಹೆಸರೇ ಒಂದು ದಾನದ ನೆನಪು! ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಬನ್ನಿ. 1936ರಲ್ಲಿ ಎಂ.ಎಚ್.ಕೃಷ್ಣ ಅವರು ಅಲ್ಲಿನ ಶಾಸನವನ್ನು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರ ಕಾಲದ್ದೆಂದು ಹೇಳುವ ಆ ಕಲ್ಲು ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದು. ಅದರಲ್ಲಿ ಏನಿದೆ? ಯುದ್ಧದಲ್ಲಿ ಹೋರಾಡಿದ ವೀರನಿಗೆ ಊರುಗಳನ್ನು ದಾನ ಕೊಟ್ಟ ದಾಖಲೆ ಇದೆ. ನಮ್ಮ ಭಾಷೆಯ ಅಷ್ಟು ಹಳೆಯ ಬರಹ ಒಂದು ದಾನಪತ್ರ ಎಂಬುದನ್ನು ಮರೆಯಬೇಡಿ.

ಬೇಲೂರಿನ ಚೆನ್ನಕೇಶವ ಗುಡಿಯನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯೊಂದಿಗೆ ಅವನ ಅಧಿಕಾರಿ ಕೇತಮಲ್ಲನ ಹೆಸರು ಸೇರಿಕೊಂಡಿದೆ. 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಜಗತ್ತೇ ಇತ್ತ ನೋಡುತ್ತಿದೆ. ಶಿಲಾಬಾಲಿಕೆಯರನ್ನು ನೋಡಿ ಹಿಂದಿರುಗಬೇಡಿ, ಶಾಸನಗಳನ್ನೂ ನೋಡಿ. ಆ ಕಾಲದ ಎಷ್ಟೋ ಶಾಸನಗಳಲ್ಲಿ ದೇವರ ಸ್ತುತಿ, ರಾಜನ ಹೊಗಳಿಕೆ ಸಂಸ್ಕೃತದಲ್ಲಿ ಇರುತ್ತದೆ. ಆದರೆ ಯಾವ ಗದ್ದೆ, ಎಷ್ಟು ಭೂಮಿ, ಮೂಡಲಿಗೆ ಯಾವ ಗಡಿ, ಪಡುವಲಿಗೆ ಯಾವ ಕೆರೆ ಎಂದು ಲೆಕ್ಕಕ್ಕೆ ಬಂದ ಕೂಡಲೇ ಮಾತು ಕನ್ನಡಕ್ಕೆ ತಿರುಗುತ್ತದೆ. ಕೊಟ್ಟದ್ದು ಏನು, ಯಾರಿಗೆ ಎಂಬುದು ಊರಿಗೆ ತಿಳಿಯಬೇಕಲ್ಲ! ತಿಳಿದರೆ ತಾನೆ ಯಾರೂ ನುಂಗದಂತೆ ಕಾಯಲು ಆಗುವುದು!

ನಾನು ಕ್ಲಬ್ಬಿನ ಗೆಳೆಯರಿಗೆ ಹೇಳುವುದೂ ಅಷ್ಟೇ. ಅಮೆರಿಕದ ಮುಖ್ಯ ಕಚೇರಿಗೆ ಪತ್ರ ಬರೆಯುವಾಗ ಇಂಗ್ಲಿಷಿನಲ್ಲಿ ಬರೆಯಿರಿ, ನಮ್ಮ ತಕರಾರಿಲ್ಲ. ಊರಿನ ಜೊತೆ ವ್ಯವಹಾರ ಬಂದಾಗ ಕನ್ನಡಕ್ಕೆ ಬನ್ನಿ. ಹೊಯ್ಸಳರಿಗೆ ತಿಳಿದಿದ್ದ ಈ ಸಣ್ಣ ವಿವೇಕ ನಮಗೆ ತಿಳಿಯದೇ?

ಇನ್ನೂ ಹತ್ತಿರದ ಮಾತು. ವಾರಾನ್ನ ಎಂಬ ಪದ್ಧತಿ ಹಿರಿಯರಿಗೆ ನೆನಪಿದ್ದೀತು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ, ಹಾಗೆ ಓದಿ ಮುಂದೆ ಬಂದವರು ಎಷ್ಟೋ ಮಂದಿ. ನಮ್ಮ ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್.ಎಲ್.ಭೈರಪ್ಪನವರು ಬಡತನದಲ್ಲಿ ಅನ್ನಕ್ಕೆ ಪರದಾಡಿ ಓದಿದ ಕಥೆಯನ್ನು ‘ಭಿತ್ತಿ’ಯಲ್ಲಿ ಬರೆದಿದ್ದಾರೆ. ಪಕ್ಕದ ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಕೊಟ್ಟರು. ಆ ಮಠದಲ್ಲಿ ಇಂದಿಗೂ ಆ ಒಲೆ ಆರಿಲ್ಲ. ಹಸಿದ ಹುಡುಗನಿಗೆ ತಟ್ಟೆ ಇಡುವ ಮುಂಚೆ ‘ಇಂಗ್ಲಿಷ್ ಬರುತ್ತದೆಯೇ?’ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಕೆಲವರು ಕೇಳುತ್ತಾರೆ: ಹಾಗಾದರೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಡವೇ? ಬೇಕು ಸ್ವಾಮಿ, ಬೇಕು! ಆ ಹುಡುಗಿಗೆ ಇಂಗ್ಲಿಷ್ ಕಲಿಸಿ. ವೇತನದ ಜೊತೆಗೆ ಮೇಷ್ಟರೊಬ್ಬರನ್ನು ಗೊತ್ತುಮಾಡಿ ಭಾನುವಾರ ಪಾಠ ಹೇಳಿಸಿ. ಅದು ನಿಜವಾದ ಸೇವೆ. ಕಲಿಯುವುದಕ್ಕೆ ನೆರವು ಕೇಳಿ ಬಂದವಳಿಗೆ ಮೊದಲೇ ಕಲಿತಿರಬೇಕು ಎನ್ನುವುದು ಈಜು ಬಂದ ಮೇಲೆ ನೀರಿಗಿಳಿ ಎಂದ ಹಾಗೆ.

ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಪರೀಕ್ಷೆಯನ್ನೇ ನೋಡಿ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿ ಓದುವ ಬಡ ಮಕ್ಕಳು ಅದನ್ನು ಕನ್ನಡದಲ್ಲೇ ಬರೆಯಬಹುದು. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಒಟ್ಟು 48,000. ನಮ್ಮ ರಾಜ್ಯದ ವೃತ್ತಿಶಿಕ್ಷಣ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿ ಇದೆ. ದೆಹಲಿಯ ಸರ್ಕಾರವೇ ನಮ್ಮ ಮಗುವಿನ ಜಾಣತನವನ್ನು ಕನ್ನಡದಲ್ಲಿ ಅಳೆಯಬಹುದಾದರೆ ಅರಸೀಕೆರೆಯಲ್ಲಿ ಏಕೆ ಆಗದು?

ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಬಂತು. ಸಂತೋಷ. ಆದರೆ ಬೋರ್ಡಿನ ಕೆಳಗೆ ಮೇಜಿನ ಮೇಲಿರುವ ಅರ್ಜಿಯಲ್ಲಿ ಎಷ್ಟು ಕನ್ನಡ ಇದೆ? ಬೋರ್ಡು ಕಣ್ಣಿಗೆ, ಅರ್ಜಿ ಬದುಕಿಗೆ.

ಆದ್ದರಿಂದ ಓದುಗರೇ, ನಿಮ್ಮ ಊರಿನ ಕ್ಲಬ್ಬಿಗೆ ಹೋಗಿ. ಕೂಗಾಡಬೇಡಿ, ಕಲ್ಲು ಎತ್ತಬೇಡಿ. ಅವರು ನಮ್ಮವರೇ. ಕೂತು ಐದು ಮಾತು ಕೇಳಿ.

ಒಂದು: ಅರ್ಜಿ ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲೂ ಬೇಕೆಂದರೆ ಹಿಂಬದಿಯಲ್ಲಿ ಅಚ್ಚು ಹಾಕಿಸಲಿ.

ಎರಡು: ಸಂದರ್ಶನದಲ್ಲಿ ಮಗು ತನಗೆ ಬಂದ ಭಾಷೆಯಲ್ಲಿ ಉತ್ತರಿಸಲಿ.

ಮೂರು: ಪ್ರಕಟಣೆ ಕ್ಲಬ್ಬಿನ ಸದಸ್ಯರ ಮನೆಗಳಲ್ಲೇ ಸುತ್ತದೆ ಕಣಕಟ್ಟೆ, ಮಾದಿಹಳ್ಳಿ, ಬಿಕ್ಕೋಡು, ಅರೇಹಳ್ಳಿಯ ಶಾಲೆಗಳಿಗೂ ಪಂಚಾಯಿತಿ ಕಚೇರಿಗಳಿಗೂ ಮುಟ್ಟಲಿ.

ನಾಲ್ಕು: ಕಾರ್ಯಕ್ರಮದಲ್ಲಿ ಕೂಡಿದ ಹಣ ಎಷ್ಟು, ಶಾಮಿಯಾನಕ್ಕೆ ಎಷ್ಟು, ಹಾರ ಶಾಲಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂಬ ಲೆಕ್ಕವನ್ನು ಕನ್ನಡದಲ್ಲಿ ಊರಿನ ಮುಂದೆ ಇಡಲಿ. ಅದೇ ನಮ್ಮ ಕಾಲದ ಶಿಲಾಶಾಸನ.

ಐದು: ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬಿಸಲು ವರ್ಷಕ್ಕೊಂದು ಶಿಬಿರ ಮಾಡಲಿ. ಆಧಾರ್, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ ಹೊಂದಿಸುವಷ್ಟರಲ್ಲಿ ದಿನಾಂಕ ಮೀರಿ ಕೈತಪ್ಪುವ ಹಣ ಕಡಿಮೆಯಲ್ಲ. ಕಣ್ಣಿನ ಶಿಬಿರ ಮಾಡಬಲ್ಲವರಿಗೆ ಅರ್ಜಿ ಶಿಬಿರ ಕಷ್ಟವೇ?

ರೋಟರಿಯವರು ತಮ್ಮ ಸಭೆಗಳಲ್ಲಿ ನಾಲ್ಕು ಪ್ರಶ್ನೆಗಳ ಪರೀಕ್ಷೆಯೊಂದನ್ನು ನೆನೆಯುತ್ತಾರೆ. ಮಾಡುವ ಕೆಲಸ ಸಂಬಂಧಪಟ್ಟ ಎಲ್ಲರಿಗೂ ನ್ಯಾಯವಾಗಿದೆಯೇ ಎಂಬುದು ಅದರಲ್ಲೊಂದು. ನಾವು ಹೊಸದೇನೂ ಕೇಳುತ್ತಿಲ್ಲ. ಅವರದೇ ಪ್ರಶ್ನೆಯನ್ನು ಅವರದೇ ಅರ್ಜಿಗೆ ಕೇಳುತ್ತಿದ್ದೇವೆ.

ಕನ್ನಡ ಸಂಘಗಳಿಗೂ ಇದೇ ನಿಯಮ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಚಂದಾ ಎತ್ತುವವರು ಅದರಲ್ಲೊಂದು ಪಾಲನ್ನು ಮೊದಲೇ ತೆಗೆದಿಟ್ಟು ಕನ್ನಡ ಶಾಲೆಯ ಮಗುವಿಗೆ ಕೊಡಲಿ. ಆರ್ಕೆಸ್ಟ್ರಾ ಒಂದು ರಾತ್ರಿಗೆ ಮುಗಿಯುತ್ತದೆ, ಬಾವುಟ ಮಳೆಗೆ ಮಾಸುತ್ತದೆ. ಓದಿದ ಹುಡುಗಿ ಮಾತ್ರ ಮೂರು ತಲೆಮಾರನ್ನು ಎತ್ತಿ ನಿಲ್ಲಿಸುತ್ತಾಳೆ.

ಕನ್ನಡದಲ್ಲಿ ಓದಿದರೆ ಊರು ಕೈಬಿಡುವುದಿಲ್ಲ ಎಂಬ ಧೈರ್ಯ ತಂದೆತಾಯಿಗೆ ಬಂದರೆ ಕನ್ನಡ ಶಾಲೆಗೆ ಮಕ್ಕಳು ಬರುತ್ತಾರೆ. ಆ ಧೈರ್ಯ ಬರದಿದ್ದರೆ ನಮ್ಮ ಘೋಷಣೆಗಳಿಂದ ಒಂದು ಬೆಂಚೂ ತುಂಬದು. ಈ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ನಿಮ್ಮೂರಿನ ಕ್ಲಬ್ಬಿನ ಬಾಗಿಲು ತಟ್ಟಿ. ಕನ್ನಡದ ಅರ್ಜಿಯೊಂದನ್ನು ನೀವೇ ಬರೆದು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಕನ್ನಡ ಬಾಳಲಿ, ಕನ್ನಡ ಶಾಲೆಯ ಮಕ್ಕಳು ಬೆಳೆಯಲಿ.