ಎಂಟನೆಯ ತರಗತಿಯಿಂದಲೇ ಕಾಲೇಜಿನ ದಾರಿ

(ಕಬ್ಬೂರಿನ ಪಾಲಕರ ಸಭೆಯಲ್ಲಿ ನಿವೃತ್ತ ಹೈಸ್ಕೂಲ್ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಕಬ್ಬು ನಾಟಿ ಮಾಡುವ ಮೊದಲು ನಾವು ನೀರು, ಬೀಜ, ಗೊಬ್ಬರ, ಕಾರ್ಖಾನೆ ಎಲ್ಲವನ್ನೂ ವಿಚಾರಿಸುತ್ತೇವೆ. ಮಕ್ಕಳ ಓದಿನ ಮಾತು ಬಂದಾಗ ಮಾತ್ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ, ಪಕ್ಕದ ಮನೆಯ ಹುಡುಗ ಏನು ತೆಗೆದುಕೊಂಡ ಎಂದು ಕೇಳಿ ತೀರ್ಮಾನ ಮಾಡುತ್ತೇವೆ. ಕೆಲವರು ಜಾತಕ ಹಿಡಿದುಕೊಂಡು ಜ್ಯೋತಿಷಿಯ ಬಳಿ ಹೋಗುತ್ತಾರೆ. ಪಂಚಾಂಗ ನೋಡುವ ಮನೆಯಲ್ಲಿ ಅರ್ಜಿಯ ಕಡೆಯ ದಿನಾಂಕ ನೋಡುವವರಿಲ್ಲ. ಅರಿವೇ ಗುರು ಎನ್ನುವ ನಮಗೆ ಇದು ಶೋಭೆಯಲ್ಲ.

ಇಂದು ನಾನು ಹೇಳಬೇಕಾದದ್ದು ಒಂದೇ ಮಾತು. ಕಾಲೇಜಿನ ಬಾಗಿಲು ಪಿಯುಸಿ ಮುಗಿದ ಮೇಲೆ ಮುಚ್ಚುವುದಿಲ್ಲ. ವಿಷಯ ಆರಿಸುವ ದಿನವೇ ಮುಚ್ಚುತ್ತದೆ.

ನನ್ನ ಬಳಿ ಕಲಿತ ಒಬ್ಬ ಹುಡುಗಿ ವಿಜ್ಞಾನಕ್ಕೆ ಸೇರಿದಳು. ಗೆಳತಿಯರೆಲ್ಲ ಕಂಪ್ಯೂಟರ್ ತೆಗೆದುಕೊಂಡರೆಂದು ಜೀವಶಾಸ್ತ್ರ ಬಿಟ್ಟಳು. ಎರಡು ವರ್ಷದ ನಂತರ ಬಿಎಸ್ಸಿ ನರ್ಸಿಂಗ್ ಓದುವ ಮನಸ್ಸಾಯಿತು. ಅಂಕ ಇತ್ತು, ಆಸೆ ಇತ್ತು, ಜೀವಶಾಸ್ತ್ರ ಇರಲಿಲ್ಲ. ನರ್ಸಿಂಗ್‌ಗೆ, ವೈದ್ಯಕೀಯಕ್ಕೆ, ಬಿಎಸ್ಸಿ ಕೃಷಿಗೆ ಜೀವಶಾಸ್ತ್ರ ಬೇಕು. ಇಂಜಿನಿಯರಿಂಗ್‌ಗೆ ಗಣಿತ ಬೇಕು. ಮಗುವಿಗೆ ಇನ್ನೂ ನಿಶ್ಚಯವಿಲ್ಲ, ಓದುವ ಶಕ್ತಿ ಇದೆ ಎಂದಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರಲಿ. ಎರಡೂ ಕಡೆಯ ಬಾಗಿಲು ತೆರೆದಿರುತ್ತದೆ.

ಎರಡನೆಯದು ಪರೀಕ್ಷೆಯ ಲೆಕ್ಕ. ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿ ಅಂಕದಿಂದ ಅರ್ಧ, ಸಿಇಟಿ ಅಂಕದಿಂದ ಅರ್ಧ ಹಿಡಿಯುತ್ತಾರೆ. ಕೋಚಿಂಗ್ ಒಂದನ್ನೇ ನಂಬಿ ಕಾಲೇಜಿನ ಪಾಠ ಬಿಟ್ಟವನು ಅರ್ಧ ಕಳೆದುಕೊಂಡ ಹಾಗೆ. ವೈದ್ಯಕೀಯದ ಲೆಕ್ಕ ಬೇರೆ. ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್ ಪೂರ್ತಿ ನೀಟ್‌ನದು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ ಬಂದರೆ ತಪ್ಪಿಗೆ 1 ಹೋಗುತ್ತದೆ. ಅಲ್ಲಿ ಊಹೆ ತಪ್ಪಾದರೆ ನಷ್ಟ. ಎರಡರಲ್ಲೂ ಪ್ರಥಮ ಪಿಯುಸಿ ಪಾಠದಿಂದಲೂ ಪ್ರಶ್ನೆ ಬರುತ್ತವೆ. ಮೊದಲ ವರ್ಷ ಆರಾಮಾಗಿ ಕಳೆದರಾಯಿತು ಎನ್ನುವ ಮಾತು ಬಿಡಿ.

ಮೂರನೆಯದು ಭಾಷೆ. ಹತ್ತರವರೆಗೆ ಕನ್ನಡದಲ್ಲಿ ಕಲಿತ ಮಗು ಪಿಯುಸಿ ವಿಜ್ಞಾನದಲ್ಲಿ ಒಮ್ಮೆಲೇ ಇಂಗ್ಲಿಷ್ ಎದುರಿಸಿ ಮೊದಲ ಮೂರು ತಿಂಗಳಲ್ಲೇ ಧೈರ್ಯ ಕಳೆದುಕೊಳ್ಳುತ್ತದೆ. ದೋಷ ಕನ್ನಡದ್ದಲ್ಲ, ಸಿದ್ಧತೆಯದು. ಎಂಟನೆಯ ತರಗತಿಯಿಂದ ದಿನಕ್ಕೆ ಐದು ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡರೆ ಸಾಕು. ನೀಟ್ ಅನ್ನು ಕನ್ನಡದಲ್ಲಿಯೂ ಬರೆಯಬಹುದು. ಆ ಆಯ್ಕೆಯನ್ನು ಅರ್ಜಿ ತುಂಬುವಾಗಲೇ ಮಾಡಬೇಕು.

ಇನ್ನು ಕಾಗದಪತ್ರ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಎಂಟನೆಯದಕ್ಕೆ ಮಗುವನ್ನು ಪಟ್ಟಣದ ಶಾಲೆಗೆ ಹಾಕುವ ಮೊದಲು ಇದನ್ನು ಯೋಚಿಸಿ. ನಿಮ್ಮ ಶಾಲೆಯ ಊರು ಗ್ರಾಮೀಣ ಪ್ರದೇಶದ ಲೆಕ್ಕಕ್ಕೆ ಬರುತ್ತದೆಯೇ ಎಂದು ಮುಖ್ಯಗುರುಗಳನ್ನು ಕೇಳಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆದಿಡಿ. ಆಧಾರ್, ಅಂಕಪಟ್ಟಿ, ಪ್ರಮಾಣಪತ್ರ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಲಿ.

ಎಲ್ಲರೂ ವಿಜ್ಞಾನವನ್ನೇ ಓದಬೇಕೆಂದು ನಾನು ಹೇಳುತ್ತಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಹೇಳಿಕೊಟ್ಟ ಪರಂಪರೆ ನಮ್ಮದು. ಕಲಾ ವಿಭಾಗಕ್ಕೆ ಸೇರಿದ ಮಗುವನ್ನು ದಡ್ಡ ಎನ್ನುವುದು ಯಾವ ನ್ಯಾಯ? ಕಲಾ ವಿಭಾಗದಿಂದ ಕಾನೂನು ಓದಬಹುದು, ಐಎಎಸ್ ಬರೆಯಬಹುದು. ವಾಣಿಜ್ಯದಿಂದ ಲೆಕ್ಕಪರಿಶೋಧಕರಾಗಬಹುದು. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಒಮ್ಮೆ ನಪಾಸಾದರೂ ಎದೆಗುಂದಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ.

ತಾಯಂದಿರೇ, ನಿಮಗೆ ಒಂದು ಮಾತು. ಮಗನಿಗೆ ಯಾವ ಕೋರ್ಸ್ ಒಳ್ಳೆಯದು ಎಂದು ಕೇಳುತ್ತೇವೆ, ಮಗಳಿಗೆ ಯಾವ ಕಾಲೇಜು ಹತ್ತಿರ ಎಂದು ಕೇಳುತ್ತೇವೆ. ಬಸ್ಸಿನ ವೇಳೆ ನೋಡಿ ಅವಳ ಬದುಕು ನಿರ್ಧಾರವಾಗಬಾರದು. ಹೆಣ್ಣಿಗೆ ಅನುಭವ ಮಂಟಪದಲ್ಲಿ ಸಮಪಾಲು ಕೊಟ್ಟ ಶರಣರ ಹೆಸರು ಹೇಳುವವರು ನಾವು.

ನಮ್ಮ ಜಿಲ್ಲೆಯಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಆದರೆ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ರವಿವಾರ ಮಠದ ಪಡಸಾಲೆಯಲ್ಲಿ ಎರಡು ತಾಸು ಕುಳಿತು ಹತ್ತನೆಯವರ ಅರ್ಜಿ ತುಂಬಿಸಿ, ಓದಿ ಮುಗಿದ ಪುಸ್ತಕಗಳನ್ನು ಕೊಟ್ಟರೆ ಅದೂ ದಾಸೋಹವೇ. ಬರುವ ರವಿವಾರದಿಂದ ನಾನು ಬಂದು ಕೂಡುತ್ತೇನೆ. ನಿಮ್ಮ ಎಂಟನೆಯ ತರಗತಿಯ ಮಕ್ಕಳನ್ನೂ ಕರೆತನ್ನಿ.