ಪಡಸಾಲ್ಯಾಗ ಬರ್ತದ, ಅಡಗಿ ಮನ್ಯಾಗ ಯಾಕ ಬರಲ್ಲ?

ಜೇವರ್ಗಿ ತಾಲ್ಲೂಕಿನ ಕೊಳಕೂರದ ಕಡೆ ಹಳೆಯ ಮನೆ ಹೇಗಿರುತ್ತದೆಂದು ಅಲ್ಲಿಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಕಲ್ಲು ಮಣ್ಣಿನ ಗೋಡೆ, ಒಂದೂವರೆ ಅಡಿಯಿಂದ ಎರಡು ಅಡಿ ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಕಿದ ಮಾಳಿಗೆ. ನೆಲಕ್ಕೆ ಶಹಾಬಾದಿನ ಪರಸಿ. ಬೇಸಿಗೆಯಲ್ಲಿ ಕಲಬುರಗಿ ಸೀಮೆಯ ಬಿಸಿಲು 42, 43 ಡಿಗ್ರಿ ಮುಟ್ಟಿದಾಗಲೂ ಒಳಗೆ ಕಾಲಿಟ್ಟರೆ ತಂಪು. ಮುತ್ಯಾಗಳು ಬಿಸಿಲು ಒಳಗೆ ಬರಬಾರದೆಂದು ಕಟ್ಟಿದ ಗೋಡೆ ಅದು, ಸರಿಯಾಗಿಯೇ ಕಟ್ಟಿದ್ದಾರೆ. ವೈಫೈ ಎಂಬುದೊಂದು ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

"ಯವ್ವಾ, ನೆಟ್ ಬರವಲ್ದು" ಎಂದು ಅಡುಗೆಮನೆಯಿಂದ ಮಗ ಕೂಗುತ್ತಾನೆ. "ಪಡಸಾಲ್ಯಾಗ ಬಂದು ಕೂಡು, ಇಲ್ಲಿ ಬರ್ತದ" ಎನ್ನುತ್ತಾಳೆ ಅವ್ವ. ಪ್ಯಾಟಿಗೆ ಹೋಗಿ ಕೇಳಿದರೆ ಅಂಗಡಿಯವನು, "ಎರಡು ಬ್ಯಾಂಡಿನ ರೌಟರ್ ಒಯ್ರಿ, ಸ್ಪೀಡ್ ಡಬಲ್ ಆಗ್ತದ" ಎನ್ನುತ್ತಾನೆ. ಅವ್ವ ಹೇಳಿದ್ದು ಪೂರ್ತಿ ಸರಿ. ಅಂಗಡಿಯವನ ಮಾತು ಅರ್ಧ ಸರಿ. ಆ ಅರ್ಧ ಯಾವುದು, ಉಳಿದ ಅರ್ಧ ಯಾಕೆ ತಪ್ಪು ಎಂದು ನೋಡೋಣ.

ಮೊದಲು ರೌಟರ್ ಅಂದರೇನು ತಿಳಿಯಬೇಕು. ಅದೊಂದು ಪುಟ್ಟ ರೇಡಿಯೊ ಸ್ಟೇಷನ್. ಉಪಮೆಯ ಮಾತಲ್ಲ, ನಿಜವಾಗಿಯೂ ಅದು ರೇಡಿಯೊ ಅಲೆಗಳನ್ನೇ ಬಿಡುತ್ತದೆ. ನಿಮ್ಮ ಮನೆಯ ಮುತ್ಯಾನನ್ನು ಕೇಳಿ, ಗುಲಬರ್ಗಾ ಆಕಾಶವಾಣಿಯವರು ಹೇಳುತ್ತಿದ್ದ 1107 ಕಿಲೋಹರ್ಟ್ಜ್ ಎಂಬ ಅಂಕಿ ನೆನಪಿರಬಹುದು. ಸೆಕೆಂಡಿಗೆ 11 ಲಕ್ಷದ 7 ಸಾವಿರ ಸಲ ಮೇಲೆ ಕೆಳಗೆ ಆಗುವ ಅಲೆ ಎಂದು ಅದರ ಅರ್ಥ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಓಟದ ದೂರವನ್ನು 11 ಲಕ್ಷದ 7 ಸಾವಿರದಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸಿಗುತ್ತದೆ: ಸುಮಾರು 271 ಮೀಟರ್. ಊರಿನ ಒಂದು ಓಣಿಯಷ್ಟು ಉದ್ದದ ಒಂದೇ ಅಲೆ! ಅಂಥ ಅಲೆಗೆ ನಿಮ್ಮ ಮನೆಯ ಗೋಡೆ ಲೆಕ್ಕಕ್ಕೇ ಇಲ್ಲ.

ವೈಫೈ ಅಲೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕುಣಿಯುತ್ತದೆ. ಇದನ್ನೇ 2.4 ಗಿಗಾಹರ್ಟ್ಜ್ ಎನ್ನುವುದು. ಭಾಗಾಕಾರ ಮತ್ತೆ ಮಾಡಿ, ಉತ್ತರ ಹನ್ನೆರಡೂವರೆ ಸೆಂಟಿಮೀಟರ್. ನಿಮ್ಮ ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಸ್ಕೇಲಿನೊಳಗೆ ಒಂದು ಅಲೆ ಆರಾಮಾಗಿ ಹಿಡಿಸುತ್ತದೆ. ಎರಡು ಬ್ಯಾಂಡಿನ ರೌಟರ್‌ನಲ್ಲಿ ಇದರ ಜೊತೆಗೆ ಇನ್ನೊಂದು ರೇಡಿಯೊ ಇರುತ್ತದೆ. ಅದರದು 5 ಗಿಗಾಹರ್ಟ್ಜ್ ಆಸುಪಾಸು, ಅಲೆಯ ಉದ್ದ ಐದರಿಂದ ಆರು ಸೆಂಟಿಮೀಟರ್. ಫೋನಿನಲ್ಲಿ ವೈಫೈ ಹೆಸರಿನ ಮುಂದೆ 5ಜಿ ಎಂದು ಕಾಣುತ್ತದಲ್ಲ, ಅದು ಇದೇ ಐದು ಗಿಗಾಹರ್ಟ್ಜ್. ಮೊಬೈಲ್ ಟವರಿನ 5ಜಿಗೂ ಇದಕ್ಕೂ ನಂಟಿಲ್ಲ.

ಎರಡು ರೇಡಿಯೊ ಯಾಕೆ ಬೇಕು? ಒಂದೇ ಸಾಲದೆ?

ಊರ ಮುಂದಿನ ಕಟ್ಟೆಯನ್ನು ನೆನೆಸಿಕೊಳ್ಳಿ. ಕಟ್ಟೆಯ ಮೇಲೆ ಹತ್ತು ಜನ ಕೂತಿದ್ದರೂ ಒಂದು ಸಲಕ್ಕೆ ಒಬ್ಬರು ಮಾತಾಡಿದರೇನೇ ಕೇಳಿಸುವುದು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರದೂ ತಿಳಿಯುವುದಿಲ್ಲ. ವೈಫೈ ನಡೆಯುವುದೂ ಹೀಗೇ. ಮನೆಯಲ್ಲಿ ಟಿವಿ, ಅಣ್ಣನ ಲ್ಯಾಪ್‌ಟಾಪ್, ಅವ್ವನ ಫೋನ್, ಮುತ್ಯಾನ ಫೋನ್ ಎಲ್ಲವೂ ಒಂದೇ ರೌಟರ್‌ಗೆ ಸೇರಿಕೊಂಡಿರಬಹುದು. ಆದರೆ ಒಂದು ಗಳಿಗೆಯಲ್ಲಿ ಒಂದೇ ಸಾಧನ ಮಾತಾಡುತ್ತದೆ. ಉಳಿದವು ಸುಮ್ಮನೆ ಕಿವಿಗೊಟ್ಟು ಕಾಯುತ್ತವೆ. ಗಾಳಿ ಖಾಲಿಯಾಯಿತು ಎಂದು ಗೊತ್ತಾದ ಮೇಲೂ ತಟ್ಟನೆ ನುಗ್ಗುವುದಿಲ್ಲ. ಪ್ರತಿಯೊಂದೂ ತನಗೆ ತಾನೇ ಒಂದು ಅಂಕಿ ಆರಿಸಿಕೊಂಡು ಅಷ್ಟು ಎಣಿಸುತ್ತದೆ, ಯಾರ ಎಣಿಕೆ ಮೊದಲು ಮುಗಿಯಿತೋ ಅವರ ಸರದಿ. ಒಂದೊಂದು ಎಣಿಕೆಗೆ ಹಿಡಿಯುವ ಕಾಲ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು. ಹಾಗಾಗಿ ಸರದಿ ಕಾಯುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಲ್ಲವೂ ಒಟ್ಟಿಗೆ ನಡೆದಂತೆ ಕಾಣುತ್ತದೆ.

ಮನುಷ್ಯರ ಸಭೆಗಳಿಗಿಂತ ಇದು ಎಷ್ಟೋ ಶಿಸ್ತಿನ ಸಭೆ ಎಂದು ನನಗೆ ಅನ್ನಿಸುವುದುಂಟು. ಆದರೆ ಇಲ್ಲೊಂದು ತೊಡಕಿದೆ. ಕಟ್ಟೆಯಲ್ಲಿ ಒಬ್ಬರು ಒಂದೊಂದೇ ಪದ ಜಗ್ಗಿ ಜಗ್ಗಿ ಮಾತಾಡುವವರಿದ್ದರೆ? ಎಲ್ಲರೂ ಅವರ ಮಾತು ಮುಗಿಯುವ ತನಕ ಕಾಯಬೇಕು. ವೈಫೈಯಲ್ಲಿ ಹಾಗೆ ನಿಧಾನ ಮಾತಾಡುವುದು ಯಾರು ಗೊತ್ತೇ? ದೂರದ ಕೋಣೆಯಲ್ಲಿ, ದಪ್ಪ ಗೋಡೆಯಾಚೆ ಇರುವ ಫೋನ್. ಅಲೆ ಕ್ಷೀಣವಾದಾಗ ಅವಸರವಾಗಿ ಮಾತಾಡಿದರೆ ತಪ್ಪು ಕೇಳಿಸುತ್ತದೆ. ಅದಕ್ಕೇ ಫೋನೂ ರೌಟರೂ ಒಪ್ಪಂದ ಮಾಡಿಕೊಂಡು ಮೆಲ್ಲಗೆ ಮಾತಾಡುತ್ತವೆ. ಲೆಕ್ಕ ಹಾಕಿ ನೋಡಿ. 12 ಮೆಗಾಬಿಟ್‌ನ ಒಂದು ಚಿತ್ರ ಕಳಿಸಬೇಕು. ರೌಟರ್ ಪಕ್ಕದಲ್ಲಿರುವ ಫೋನು ಸೆಕೆಂಡಿಗೆ 60 ಮೆಗಾಬಿಟ್‌ನಂತೆ ಕಳಿಸಿದರೆ ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ಕೆಲಸ ಮುಗಿಯಿತು. ಅಡುಗೆಮನೆಯ ಫೋನು ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಕಳಿಸಿದರೆ ಎರಡು ಸೆಕೆಂಡು ಬೇಕು. ಸರದಿ ಹಂಚಿಕೊಳ್ಳುತ್ತ ಹೋದರೂ ಗಾಳಿಯ ಬಹುಪಾಲು ಸಮಯ ಅದಕ್ಕೇ ಹೋಗುತ್ತದೆ. ಪಡಸಾಲೆಯಲ್ಲಿ ರೌಟರ್ ಎದುರಿಗೇ ಇರುವ ಟಿವಿಯಲ್ಲಿ ಚಕ್ರ ತಿರುಗುತ್ತ ನಿಂತರೆ ತಪ್ಪು ಟಿವಿಯದಾಗಿರಲಿಕ್ಕಿಲ್ಲ.

ಎರಡನೆಯ ಬ್ಯಾಂಡಿನ ಉಪಯೋಗ ಇರುವುದು ಇಲ್ಲಿ. ಅದು ಎರಡನೆಯ ಕಟ್ಟೆ. ಟಿವಿ, ಲ್ಯಾಪ್‌ಟಾಪ್ ಹೀಗೆ ಹತ್ತಿರ ಇರುವವು 5 ಗಿಗಾಹರ್ಟ್ಜ್‌ಗೆ ಹೋಗಲಿ, ದೂರದ ಫೋನು 2.4ರಲ್ಲಿ ಉಳಿಯಲಿ. ರೌಟರ್ ಎರಡೂ ಕಡೆ ಒಂದೇ ಗಳಿಗೆಯಲ್ಲಿ ಮಾತಾಡಬಲ್ಲದು. ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು ತಪ್ಪುತ್ತದೆ.

ಅಷ್ಟೇ ಅಲ್ಲ, ಎರಡನೆಯದರಲ್ಲಿ ಜಾಗವೂ ಹೆಚ್ಚು. ಯಾವ ಅಲೆಯನ್ನು ಯಾರು ಬಳಸಬೇಕು ಎಂದು ಸರ್ಕಾರ ಹಂಚಿಕೊಡುತ್ತದೆ. ಪೊಲೀಸರ ವೈರ್‌ಲೆಸ್ಸಿಗೆ, ವಿಮಾನಕ್ಕೆ, ಟವರಿಗೆ ಬೇರೆ ಬೇರೆ. ಕೆಲವನ್ನು ಮಾತ್ರ ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಜ್ ಹಾಗೆ ಬಿಡುಗಡೆಯಾದದ್ದು 2005ರಲ್ಲಿ. ಅದರ ಒಟ್ಟು ಅಗಲ 83.5 ಮೆಗಾಹರ್ಟ್ಜ್ ಮಾತ್ರ. ಒಂದನ್ನೊಂದು ತಾಗದಂತೆ ಮಾತಾಡಲು ಅದರಲ್ಲಿ ಮೂರೇ ಚಾನೆಲ್ಲಿಗೆ ಜಾಗ: 1, 6, 11. ಬ್ಲೂಟೂತೂ ಅಲ್ಲೇ, ಮೈಕ್ರೊವೇವ್ ಒಲೆಯಿಂದ ಸೋರುವ ಅಲೆಯೂ ಅಲ್ಲೇ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಜ್‌ನಲ್ಲಿ 605 ಮೆಗಾಹರ್ಟ್ಜ್ ಬಿಟ್ಟುಕೊಟ್ಟರು, ಏಳು ಪಟ್ಟಿಗೂ ಮಿಕ್ಕಿ. ಜಾಗ ಇದ್ದಾಗ ಚಾನೆಲ್ಲನ್ನೂ ಅಗಲ ಮಾಡಬಹುದು. 2.4ರಲ್ಲಿ ಸಾಮಾನ್ಯವಾಗಿ 20 ಮೆಗಾಹರ್ಟ್ಜ್ ಅಗಲದಲ್ಲಿ ಮಾತು ನಡೆದರೆ 5ರಲ್ಲಿ 80ರ ಅಗಲ. ಒಂದೇ ಆಂಟೆನಾದ ಹಳೆಯ ಮಾದರಿಯ ಫೋನಿಗೆ 2.4ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 72 ಮೆಗಾಬಿಟ್. ಅದರ ಮುಂದಿನ ಮಾದರಿಗೆ 5 ಗಿಗಾಹರ್ಟ್ಜ್‌ನಲ್ಲಿ 433. ಇವು ಕಾಗದದ ಮೇಲಿನ ಅಂಕಿಗಳು, ಸರದಿ ಕಾಯುವುದರಲ್ಲಿ ಬಹಳಷ್ಟು ಕಳೆದುಹೋಗುತ್ತದೆ. ಆದರೂ ಎರಡರ ಅಂತರ ದೊಡ್ಡದು.

ಹಾಗಾದರೆ ಅಂಗಡಿಯವನ ಮಾತಿನಲ್ಲಿ ತಪ್ಪೇನು?

ಮನೆಗೆ ಬರುವ ತಂತಿಯನ್ನು ನೋಡಿ. ಕರೆಂಟ್ ಕಂಬದಿಂದ ಕಂಬಕ್ಕೆ ಹಾಯ್ದು ಬರುವ ಕರಿಯ ಕೇಬಲ್ಲಿನೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಬೆಳಕು. ತಿಂಗಳಿಗೆ ದುಡ್ಡು ಕಟ್ಟಿ ನೀವು ಸೆಕೆಂಡಿಗೆ 40 ಮೆಗಾಬಿಟ್ ತೆಗೆದುಕೊಂಡಿದ್ದರೆ ರೌಟರ್‌ಗೆ ಎಷ್ಟು ಬ್ಯಾಂಡ್ ಇದ್ದರೂ ಹೊರಗಿನಿಂದ ಬರುವುದು 40. ಎರಡನೆಯ ಬ್ಯಾಂಡು ಆ 40ನ್ನು 80 ಮಾಡುವುದಿಲ್ಲ. ಮನೆಯೊಳಗೆ ಗಾಳಿಯಲ್ಲಿ ಅದು ವ್ಯರ್ಥವಾಗದಂತೆ ಮಾತ್ರ ನೋಡಿಕೊಳ್ಳುತ್ತದೆ.

ಇನ್ನೊಂದು ಸಂಗತಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನು ತೆರೆದರೆ ಅಕ್ಕಪಕ್ಕದ, ಮೇಲಿನ ಕೆಳಗಿನ ಮನೆಗಳ ವೈಫೈ ಹೆಸರುಗಳ ಉದ್ದನೆಯ ಪಟ್ಟಿ ಬರುತ್ತದೆ. ಎಲ್ಲರೂ ಅವೇ ಮೂರು ಚಾನೆಲ್ಲಿಗೆ ಮುಗಿಬಿದ್ದಿರುತ್ತಾರೆ. ಅಲ್ಲಿ 5 ಗಿಗಾಹರ್ಟ್ಜ್ ದೊಡ್ಡ ಬಿಡುಗಡೆ. ಹಳ್ಳಿಯಲ್ಲಿ ಅಂಥ ನೂಕುನುಗ್ಗಲಿಲ್ಲ. ಇಲ್ಲಿಯ ಸಮಸ್ಯೆ ನೆರೆಯವರದಲ್ಲ, ಗೋಡೆಯದು. ಅಲ್ಲಿಗೆ ಕೊಡುವ ಸಲಹೆಯನ್ನೇ ಇಲ್ಲಿಗೂ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಯಾಕೆಂದರೆ ಗೋಡೆಯ ಮುಂದೆ ಚಿಕ್ಕ ಅಲೆಗೆ ಸೋಲು. ಅಲೆ ಚಿಕ್ಕದಾದಷ್ಟೂ ಅದಕ್ಕೆ ಬೇಕಾದ ಆಂಟೆನಾವೂ ಚಿಕ್ಕದು. ಚಿಕ್ಕ ಆಂಟೆನಾ ಗಾಳಿಯಿಂದ ಹಿಡಿದುಕೊಳ್ಳುವ ಶಕ್ತಿಯೂ ಕಡಿಮೆ. ಒಂದೇ ಬಲದಲ್ಲಿ ಬಿಟ್ಟರೂ, ತೆರೆದ ಅಂಗಳದಲ್ಲಿ ಅಷ್ಟೇ ದೂರದಲ್ಲಿ ನಿಂತರೂ 5 ಗಿಗಾಹರ್ಟ್ಜ್‌ನಲ್ಲಿ ಫೋನಿಗೆ ದಕ್ಕುವುದು 2.4ರಲ್ಲಿ ದಕ್ಕುವುದರ ಹೆಚ್ಚುಕಡಿಮೆ ಐದನೇ ಒಂದು ಪಾಲು. ಇದು ಗೋಡೆ ಇಲ್ಲದಾಗಿನ ಮಾತು. ನಡುವೆ ಕಲ್ಲು ಬಂದರೆ ಅಲೆಯ ಶಕ್ತಿಯನ್ನು ಅದು ಹೀರುತ್ತದೆ, ಚಿಕ್ಕ ಅಲೆಯದನ್ನು ಇನ್ನೂ ಹೆಚ್ಚು. ಕಲ್ಲಿನ ಸಂದಿಯ ಮಣ್ಣು ಮಳೆಗಾಲದಲ್ಲಿ ತೇವ ಕುಡಿದಿದ್ದರೆ ಮತ್ತಷ್ಟು. ಹಾಗೆಂದು ಗೋಡೆ ದಾಟಲಾರದ ಅಲೆಗಳೆಂದು ತಿಳಿಯಬೇಡಿ. 1895ರಲ್ಲಿಯೇ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಅವರು ನಡುವೆ ಗೋಡೆ ಇದ್ದರೂ ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದರು. ಬರೀ ಐದು ಮಿಲಿಮೀಟರಿನಷ್ಟು ಚಿಕ್ಕ ಅಲೆಗಳನ್ನೂ ಅವರು ಹುಟ್ಟಿಸಿ ಅಭ್ಯಾಸ ಮಾಡಿದವರು. ದಾಟಿದ ಮೇಲೆ ಎಷ್ಟು ಉಳಿಯಿತು ಎಂಬುದೇ ಪ್ರಶ್ನೆ. ಗಂಟೆ ಬಾರಿಸಲು ಸಾಕಾದದ್ದು ಸಿನಿಮಾ ನೋಡಲು ಸಾಲುವುದಿಲ್ಲ.

ಹೀಗಾಗಿ ದಪ್ಪ ಗೋಡೆಯ ಮನೆಯಲ್ಲಿ ಎರಡು ಬ್ಯಾಂಡಿನ ರೌಟರ್ ಇಟ್ಟರೆ ಆಗುವುದಿಷ್ಟು: ಪಡಸಾಲೆಯಲ್ಲಿ 5 ಗಿಗಾಹರ್ಟ್ಜ್ ಸೊಗಸಾಗಿ ಓಡುತ್ತದೆ, ಅಡುಗೆಮನೆಗೆ ತಲುಪುವುದು ಹಳೆಯ 2.4ರದೇ ಅಲೆ. ಟಿವಿ ಆ ಕಡೆ ಹೋದದ್ದರಿಂದ ಅಡುಗೆಮನೆಯ ಫೋನಿಗೆ ಸರದಿ ಬೇಗ ಸಿಗುತ್ತದೆ, ಅದೂ ಲಾಭವೇ. ಕೆಲವು ಫೋನುಗಳು ಮಾತ್ರ ಕ್ಷೀಣವಾದ 5ನ್ನೇ ಹಿಡಿದುಕೊಂಡು ಜೋತಾಡುತ್ತಿರುತ್ತವೆ. ಆಗ ರೌಟರ್‌ನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರಿಟ್ಟು ಯಾವುದು ಬೇಕೋ ಅದನ್ನು ನೀವೇ ಆರಿಸಿಕೊಳ್ಳಬಹುದು.

ರೌಟರ್ ಎಲ್ಲಿಡುತ್ತೀರಿ? ಹಳೆಯ ಮನೆಯ ಗೋಡೆಯಲ್ಲಿ ದೀಪ ಇಡುವ ಮಾಡ ಇರುತ್ತದೆ. ರೌಟರ್ ಇಡಲು ಅಳತೆ ತೆಗೆದು ಮಾಡಿದಂತೆಯೇ ಇರುತ್ತದೆ! ಆದರೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ, ಮುಂದೊಂದು ಬಿಟ್ಟು ಎಲ್ಲ ಕಡೆ ಕಲ್ಲು. ಕಬ್ಬಿಣದ ತಿಜೋರಿಯ ಹಿಂದೆ, ತಗಡಿನ ಟ್ರಂಕಿನ ಪಕ್ಕದಲ್ಲೂ ಬೇಡ. ಲೋಹ ಅಲೆಯನ್ನು ಹೀರುವುದಿಲ್ಲ, ತಿರುಗಿಸಿ ಕಳಿಸಿಬಿಡುತ್ತದೆ. ಸುಗ್ಗಿಯ ಹೊತ್ತಿನಲ್ಲಿ ಪಡಸಾಲೆ ತುಂಬ ತೊಗರಿ ಚೀಲ ಒಟ್ಟಿದಾಗ ನೆಟ್ ಮಂದವಾದರೆ ಆಶ್ಚರ್ಯವಿಲ್ಲ, ಒಣಗಿದ ಕಾಳಿನಲ್ಲೂ ಸ್ವಲ್ಪ ನೀರಿನಂಶ ಉಳಿದಿರುತ್ತದೆ. ಒಳಗಿನ ಬಾಗಿಲಿಗೆ ನೇರವಾಗಿ ಕಾಣುವಂತೆ, ಆಳೆತ್ತರದಲ್ಲಿ ಮೊಳೆ ಹೊಡೆದು ತೂಗು ಹಾಕುವುದು ಒಳ್ಳೆಯದು. ಗೋಡೆ ಕೊಡದ ದಾರಿಯನ್ನು ಬಾಗಿಲು ಕೊಡುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ನೆಟ್ ಸಿಗುವುದೂ ಬಹುಮಟ್ಟಿಗೆ ಬೆಳಕಿಂಡಿಯ ಕೃಪೆಯಿಂದ. ನೆಟ್ಟಗೆ ನಿಂತ ಕಡ್ಡಿಯಂಥ ಆಂಟೆನಾ ಸುತ್ತಲೂ ಅಡ್ಡಕ್ಕೆ ಅಲೆ ಬಿಡುತ್ತದೆ, ತಲೆಯ ಮೇಲಕ್ಕೆ ಕಡಿಮೆ. ಒಂದು ಕಡ್ಡಿಯನ್ನು ಅಡ್ಡ ಮಲಗಿಸಿ ನೋಡಿ.

ಈಗ ಮೂರು ಬ್ಯಾಂಡಿನ ರೌಟರ್‌ಗಳೂ ಬಂದಿವೆ. ಕೆಲವಕ್ಕೆ 5ರದೇ ಎರಡು ರೇಡಿಯೊ, ಕೆಲವಕ್ಕೆ 6 ಗಿಗಾಹರ್ಟ್ಜ್. ನಮ್ಮ ದೇಶದಲ್ಲಿ 6 ಗಿಗಾಹರ್ಟ್ಜ್‌ನ ಕೆಳಭಾಗವನ್ನು, ಎಂದರೆ 5925ರಿಂದ 6425 ಮೆಗಾಹರ್ಟ್ಜ್ ತನಕ, ಬಿಡುವ ನಿಯಮದ ಕರಡನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿತು, ಮನೆಯೊಳಗೆ ಕಡಿಮೆ ಶಕ್ತಿಯಲ್ಲಿ ಬಳಸಲು. ಅಲೆ ಇನ್ನೂ ಚಿಕ್ಕದು, ಗೋಡೆಗೆ ಇನ್ನೂ ಬೇಗ ಸೋಲುತ್ತದೆ. ಮೂರನೆಯ ರೇಡಿಯೊ ಹೆಚ್ಚು ಉಪಯೋಗಕ್ಕೆ ಬರುವುದು ಮನೆಯಲ್ಲಿ ಎರಡು ಡಬ್ಬಿ ಇಟ್ಟಾಗ. ಮೊದಲನೆಯದರಿಂದ ಕೇಳಿ ಎರಡನೆಯದು ಮತ್ತೆ ಹೇಳಬೇಕು. ಒಂದೇ ಬ್ಯಾಂಡಿನಲ್ಲಿ ಎರಡೂ ನಡೆದರೆ ಪ್ರತಿ ಮಾತನ್ನೂ ಎರಡು ಸಲ ಆಡಿದಂತಾಗಿ ವೇಗ ಅರ್ಧಕ್ಕಿಳಿಯುತ್ತದೆ. ಕೇಳಲು ಬೇರೆ ಬ್ಯಾಂಡ್ ಇದ್ದರೆ ಈ ನಷ್ಟ ಇಲ್ಲ.

ಆದರೆ ಅಷ್ಟು ದುಡ್ಡು ಸುರಿಯುವ ಮುಂಚೆ ನಾನಾದರೆ ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ತಂದು, ಕಿಟಕಿಯ ಸಂದಿಯಿಂದ ಒಳಮನೆಗೆ ಎಳೆದು, ಅದರ ತುದಿಗೆ ಒಂದು ಹಳೆಯ ರೌಟರ್ ಕಟ್ಟುತ್ತೇನೆ. ತಂತಿಯಲ್ಲಿ ಹೋಗುವ ಮಾತಿಗೆ ಗೋಡೆಯ ಹಂಗಿಲ್ಲ, ಸರದಿಯ ಕಾಟವಿಲ್ಲ.

ಕೊನೆಗೆ ನೀವೇ ಮಾಡಬಹುದಾದ ಒಂದು ಪ್ರಯೋಗ. ಅವ್ವನ ಫೋನನ್ನು ಕೇಳಿಯೇ ತೆಗೆದುಕೊಳ್ಳಿ. ಕೂಡಿಸಿಕೊಂಡ ವೈಫೈಯ ವಿವರ ತೆರೆದರೆ ಎಷ್ಟೋ ಫೋನುಗಳಲ್ಲಿ ಯಾವ ಬ್ಯಾಂಡ್ ಎಂದೂ ವೇಗ ಎಷ್ಟೆಂದೂ ಕಾಣುತ್ತದೆ. ಪಡಸಾಲೆ, ದೇವರ ಕೋಣೆ, ಅಡುಗೆಮನೆ, ಅಂಗಳ, ಮಾಳಿಗೆ ಎಲ್ಲ ಕಡೆ ಹೋಗಿ ಎರಡೂ ಅಂಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಒಂದು ಸಲ ಬಾಗಿಲು ತೆರೆದು, ಒಂದು ಸಲ ಮುಚ್ಚಿ. 5 ಹೋಗಿ 2.4 ಬರುವ ಜಾಗಕ್ಕೆ ಸೀಮೆಸುಣ್ಣದಿಂದ ಪರಸಿಯ ಮೇಲೆ ಗೆರೆ ಎಳೆಯಿರಿ. ರೌಟರ್ ಇಟ್ಟ ಜಾಗ ಬದಲಿಸಿ ಮತ್ತೆ ನಡೆದು ನೋಡಿ, ಗೆರೆ ಎಷ್ಟು ಹೆಜ್ಜೆ ಸರಿಯಿತು?